ಹೊಲಿದ ಜೇಬು

"ಆ ಕೋಟನ್ನ ನಿನ್ನ ಗೆಳೆಯನಿಗೆ ಹೊದಿಸಬೇಡಪ್ಪ," ಎಂದರು ದೊಡ್ಡಮ್ಮ. "ಯಾರೋ ಮಾಟ ಮಾಡಿಸಿ ಬಿಟ್ಟುಹೋಗಿದಾರೆ. ಮುಟ್ಟಿದವರನ್ನ ಹಿಡಿಯತ್ತೆ."

ಹೊಸಬ ನಕ್ಕ. "ಸೋಡಾ ಹಾಕಿ ಕುದಿಸಿಬಿಡೋಣ ಬಿಡಿ. ದೆವ್ವ ಬಿಡದಿದ್ರೂ ಕೊಳೆಯಾದ್ರೂ ಬಿಡತ್ತೆ."

ಲಾಂಡ್ರಿಯಲ್ಲಿ ಬಟ್ಟೆ ವಿಂಗಡಿಸುವ ಆ ಮುದುಕಿಯನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಅವರು ನಗಲಿಲ್ಲ. ದೇವರನ್ನು ನೆನೆದು ಮತ್ತೆ ಬಟ್ಟೆಯ ರಾಶಿಗೆ ಬಾಗಿದರು.

ಅದೊಂದು ಕಪ್ಪು ಉಣ್ಣೆಯ ಕೋಟು. ಒಗೆಯಲು ಕೊಟ್ಟವರು ಮರಳಿ ಬಂದಿರಲಿಲ್ಲ. ನೀರಿಗೆ ಹಾಕುವ ಮುನ್ನ ಜೇಬು ತಡವುವುದು ಆ ಕೆಲಸದವರಿಗೆ ಉಸಿರಾಡಿದಷ್ಟು ಸಹಜ. ಇಸ್ತ್ರಿ ಮಾಡುವ, ಎಲ್ಲರೂ ಕಡ್ಡಿ ಎಂದು ಕರೆಯುವ ಹುಡುಗನೂ ಹಾಗೆಯೇ ತಡವಿದ್ದ. ಕಾಗದದ ಮಡಿಕೆಯೊಂದು ಸಿಕ್ಕಿತ್ತು; ಒಳಗೆ ಕಂದು ಪುಡಿ, ಹೆರಾಯಿನ್. ಒಂದು ಸಲ ನೋಡೋಣ ಎಂದುಕೊಂಡ. ಮುಗಿದಂತೆಲ್ಲ ಜೇಬಿನಲ್ಲಿ ಮತ್ತೆ ಇರುತ್ತಿತ್ತು ಎಂದು ಅವನು ಹೇಳಿದಾಗ ಯಾರೂ ನಂಬಲಿಲ್ಲ. ಮೈ ಬತ್ತಿತು. ಹಲ್ಲು ಹುಳುಕಾದವು. ತೋಳಿನಲ್ಲಿ ಕೀವು ಕಟ್ಟಿತು. ಕಾದ ಇಸ್ತ್ರಿ ತಗುಲಿದರೂ ಕೈ ಹಿಂದೆ ಬರುತ್ತಿರಲಿಲ್ಲ.

ಹೊಸಬ ಅವನ ಬಾಲ್ಯದ ಗೆಳೆಯ. ಅವನನ್ನು ಚಟದಿಂದ ಬಿಡಿಸಲೆಂದೇ ಈ ಊರಿಗೆ ಬಂದು ಲಾಂಡ್ರಿ ಸೇರಿದ್ದ. ಡಾಕ್ಟರು ಬಿಡಿಸಿ ಹೇಳಿದ್ದರು: "ಕೂಡಿಹಾಕಬೇಡಿ, ಇದಕ್ಕೆ ಔಷಧಿ ಇದೆ, ಇಲ್ಲಿಗೇ ಕರೆತನ್ನಿ. ಬಿಟ್ಟ ಮೇಲೆ ಮೈ ಹಳೇ ಅಳತೆ ತಡೆಯಲ್ಲ. ಅಷ್ಟೇ ತಗೊಂಡ್ರೂ ಉಸಿರು ನಿಲ್ಲತ್ತೆ." ಹೊಸಬ ತಲೆಯಾಡಿಸಿ ಬಂದ. ಸ್ನೇಹವೊಂದು, ಚಿಲಕವೊಂದು ಇದ್ದರೆ ಸಾಕು ಎಂಬುದು ಅವನ ಲೆಕ್ಕ.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕಡ್ಡಿಯನ್ನು ಮಲಗಿಸಿದ. ಮೊದಲು ಬರೀ ಆಕಳಿಕೆ. ಆಮೇಲೆ ಮೂಗು, ಕಣ್ಣು ಸುರಿದವು. ರೋಮ ನಿಮಿರಿ ಚರ್ಮ ಗರಗಸದಂತಾಯಿತು. ವಾಂತಿ, ಭೇದಿ. ಕಾಲುಗಳು ತಾವಾಗಿ ಒದೆಯುತ್ತಿದ್ದವು. ಗೋಡೆಯಾಚೆ ಒಗೆಯುವ ಯಂತ್ರದ ಗುಡುಗು. ಈಚೆ ಬೆವರು, ಮಲ, ಹುಳಿ ಬಡಿದ ಉಸಿರಿನ ನಾತ. ಹೊಸಬ ಮೂಗು ಮುಚ್ಚದೆ ಎಲ್ಲವನ್ನೂ ತೊಳೆದ. ಕೆಲವು ದಿನ ಕಳೆದು ಅಬ್ಬರ ಇಳಿಯಿತು; ನಡುಕ ಮಾತ್ರ ನಿಲ್ಲಲಿಲ್ಲ.

"ಚಳಿ ಕಣೋ. ಆ ಕೋಟು ಕೊಡೋ."

"ಎರಡು ಕಂಬಳಿ ಹೊದ್ದಿದೀಯಲ್ಲೋ, ಮಹಾರಾಜ!"

"ಕಂಬಳಿ ಸುಮ್ನೆ ಬಿದ್ದಿರತ್ತೆ. ಅದು ಅಪ್ಪಿಕೊಳ್ಳತ್ತೆ."

ದೊಡ್ಡಮ್ಮ ಬೇಡವೆಂದದ್ದು ಆಗಲೇ; ಹೊಸಬ ಕೇಳಲಿಲ್ಲ. ಕೋಟು ತಂದು ಜೇಬುಗಳನ್ನು ಹೊರಗೆಳೆದು ಕೊಡವಿದ. ಏನೂ ಇರಲಿಲ್ಲ. ಆದರೂ ದಪ್ಪ ದಾರದಿಂದ ಅವುಗಳ ಬಾಯಿ ಹೊಲಿದು, "ನಿನ್ನ ದೆವ್ವ ಈಗ ಒಳಗೇ ಬಂದಿ," ಎಂದು ಹೊದಿಸಿದ. ಕಡ್ಡಿ ಮಗುವಿನಂತೆ ಮಲಗಿದ. ಹೊಸಬ ಚಿಲಕ ಹಾಕಿ ಕೆಲಸಕ್ಕೆ ಹೋದ.

ಸಂಜೆ ಬಾಗಿಲು ತೆರೆದಾಗ ವಿನಿಗರ್‌ನಂಥ ಹುಳಿವಾಸನೆ ಮುಖಕ್ಕೆ ಬಡಿಯಿತು. ಒದ್ದೆ ಉಣ್ಣೆಯ ವಾಸನೆ. ಸದ್ದಿಲ್ಲ. ನೆಲದ ಮೇಲೆ ಪುಡಿ ಕಾಯಿಸಿ ಸುಟ್ಟ ಬೆಳ್ಳಿಕಾಗದ. ಕಡ್ಡಿಯ ತುಟಿ ನೀಲಿ. ಹೊಸಬ ರೆಪ್ಪೆ ಎತ್ತಿ ನೋಡಿದ. ಪಾಪೆ ಸೂಜಿಮೊನೆ. ಒಂದು ಗೊರಕೆ. ಆಮೇಲೆ ಏನೂ ಇಲ್ಲ. ಕೋಟಿನ ಜೇಬು ಉಬ್ಬಿತ್ತು. ಹೊಲಿಗೆ ಹೊಸಬ ಹಾಕಿದ್ದೇ. ಒಂದು ಎಳೆಯೂ ಬಿಚ್ಚಿರಲಿಲ್ಲ.

"ದೊಡ್ಡಮ್ಮಾ! ಆಂಬುಲೆನ್ಸ್ ಕರೀರಿ!"

ಬಾಯಿಗೆ ಬಾಯಿ ಇಟ್ಟು ಊದಿದ. ಎದೆ ಎದ್ದಿತು. ಬಿದ್ದಿತು. ಹಿಂದೆ ಬಂದ ಗಾಳಿ ತಣ್ಣಗಿತ್ತು. ಮತ್ತೆ ಊದಿದ. ಇನ್ನೂ ತಣ್ಣಗೆ. ಅದು ಕಡ್ಡಿಯ ಉಸಿರಲ್ಲ. ಹೊಸಬನ ನಾಲಿಗೆ ಜಡವಾಯಿತು. ಕೆನ್ನೆ ಜಡವಾಯಿತು. ಕತ್ತಿಗೆ ಉಣ್ಣೆಯ ತೋಳು ಸುತ್ತಿತು. ಏನು ಒಳಗೆ ಬರುತ್ತಿದೆ ಎಂದು ತಿಳಿಯಿತು. ಬಾಯಿ ಹಿಂತೆಗೆದಿದ್ದರೆ ತಾನು ಉಳಿಯುತ್ತಿದ್ದ. ಹಿಂತೆಗೆಯಲಿಲ್ಲ. ಊದಿದ. ಊದಿದ.

ಆಸ್ಪತ್ರೆಯವರು ಬಂದು ಹೆರಾಯಿನ್ನಿನ ಅಮಲಿಳಿಸುವ ಸೂಜಿ ಚುಚ್ಚಿದರು. ಕಡ್ಡಿ ಕಣ್ಣು ಬಿಟ್ಟು, ನೋವೆಂದು ಚೀರಿದ. ದೊಡ್ಡಮ್ಮ ಕೈಮುಗಿದು ಅತ್ತರು. ಹೊಸಬನಿಗೆ ಅಳುವೂ ಬರಲಿಲ್ಲ, ಸಂತೋಷವೂ ಬರಲಿಲ್ಲ.

ಕೋಟನ್ನು ಒಲೆಗೆ ಹಾಕಿ, ಬೂದಿಯಾಗುವ ತನಕ ಅಲ್ಲೇ ನಿಂತ. ಮನೆಗೆ ಹೋದರೆ ಗೂಟದಲ್ಲಿ ಅದೇ ಕೋಟು ತೂಗುತ್ತಿತ್ತು. ಈಗ ಜೇಬಿನ ಬಾಯಿ ತೆರೆದಿತ್ತು. ಕೆಲಸದ ಅಭ್ಯಾಸ, ಕೈ ತಾನಾಗಿ ಒಳಗೆ ಹೋಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಕಡ್ಡಿ ಮೈ ತುಂಬಿಕೊಂಡ. ಡಾಕ್ಟರು ಕೊಟ್ಟ ಔಷಧಿಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಅವನು ಹೊಸಬನ ಬಾಗಿಲು ತಟ್ಟಿದ. ಯಾರೂ ಓಗೊಡದಿರಲು ಹೆಗಲು ಕೊಟ್ಟು ತಳ್ಳಿ ಒಳಗೆ ಬಂದ. ಹೊಸಬ ಕೋಟು ಹೊದ್ದು ಗೋಡೆಗೆ ಒರಗಿದ್ದ. ಬಾಯಿಯ ಸುತ್ತ ನೊಣಗಳಿದ್ದವು, ಅವನು ಓಡಿಸುತ್ತಿರಲಿಲ್ಲ.

ಕಡ್ಡಿ ನೊಣಗಳನ್ನು ಓಡಿಸಿದ. ಆಮೇಲೆ ಪಕ್ಕದಲ್ಲಿ ಕೂತ.

"ಏಳೋ. ಆಸ್ಪತ್ರೆಗೆ ಹೋಗೋಣ. ನಾನು ಚಿಲಕ ಹಾಕಲ್ಲ, ನಿನ್ನ ಜೊತೆಗೇ ಇರ್ತೀನಿ."

"ಕೋಟು?"

"ಹೊದ್ಕೊಂಡೇ ಬಾ. ಡಾಕ್ಟರು ಬೈದ್ರೆ ನಾನು ಬೈಸ್ಕೋತೀನಿ. ಏಳು."

ಇಬ್ಬರೂ ಬೀದಿಗಿಳಿದರು. ಬಿಸಿಲು ಚುರುಗುಟ್ಟುತ್ತಿತ್ತು, ಎದುರು ಬಂದವರೆಲ್ಲ ತಲೆಗೆ ಬಟ್ಟೆ ಹಾಕಿಕೊಂಡಿದ್ದರು. ಹೊಸಬ ಕೆಳಗೆ ನೋಡಿದ. ಅವನ ಬೆರಳುಗಳನ್ನು ಕಡ್ಡಿ ಬಿಗಿಯಾಗಿ ಹಿಡಿದಿದ್ದ. ಹಿಡಿತಕ್ಕೆ ಗೆಣ್ಣುಗಳು ಬಿಳಿಚಿದ್ದವು. ಅದು ಹೊಸಬನ ಕಣ್ಣಿಗೆ ಮಾತ್ರ ಕಂಡಿತು; ಬೆರಳಿಗೆ ತಿಳಿಯಲಿಲ್ಲ.