ಒಂದೇ ಚೀಲದ ಉಸಿರು

"ಜೋರಾಗಿ ಊದಬ್ಯಾಡ್ರೋ, ಇದೇನು ಶಹನಾಯಿ ಅಲ್ಲ. ಎದಿ ಖಾಲಿ ಆಗೂತನಕ ಮೆಲ್ಲಕ ಬಿಡ್ರಿ. ಯಂತ್ರಕ್ಕ ಕಡೀ ಉಸಿರು ಬೇಕು."

"ಕಡೀ ಉಸಿರು ಬಿಡಸಾಕ ಬಂದೀಯೇನಲೇ ಓಂಕಾರಾ? ವಿಮಾ ಏಜಂಟ ಅಂದಿ, ಯಮನ ಏಜಂಟ ಆದಿ!"

ಬೆಳಗಾವಿಯ ಆ ಫೌಂಡ್ರಿಯ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಎರಕದ ಕೆಲಸಗಾರರೆಲ್ಲ ನಕ್ಕರು. ಮೇಜಿನ ಮೇಲಿದ್ದ ಪೆಟ್ಟಿಗೆ ಊಟದ ಡಬ್ಬಿಗಿಂತ ದೊಡ್ಡದಿರಲಿಲ್ಲ. ಒಂದು ಕೊಳವೆ, ಎರಡು ದೀಪ, ಅಷ್ಟೇ. ರೋಗ ಹತ್ತಿದ ಜೀವಕೋಶಗಳು ತಮ್ಮದೇ ಬಗೆಯ ಆವಿ ಬಿಡುತ್ತವೆ. ಅದು ರಕ್ತದಲ್ಲಿ ಸೇರಿ, ಶ್ವಾಸಕೋಶಕ್ಕೆ ಬಂದು, ಉಸಿರಿನ ಜೊತೆ ಹೊರಗೆ ಬೀಳುತ್ತದೆ. ಕೆಮ್ಮು, ಸುಸ್ತು ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ಪೆಟ್ಟಿಗೆ ಆ ಆವಿಯನ್ನು ಗುರುತಿಸುತ್ತಿತ್ತು. ಅದನ್ನು ಕಂಡುಹಿಡಿದ ಡಾಕ್ಟರ್ ನಿವೇದಿತಾ ಕಟಗೇರಿ ಇಟ್ಟ ಹೆಸರು 'ಶ್ವಾಸದರ್ಶಕ'. ಜನ ಕರೆದದ್ದು ಊದುಪೆಟ್ಟಿಗೆ.

ರಕ್ತ, ಮೂತ್ರ, ಎದೆಬಡಿತ ಎಂದು ಅಲೆದಾಡಿಸುತ್ತಿದ್ದ ವಿಮಾ ಕಂಪನಿಗಳು ಈಗ ಈ ಪೆಟ್ಟಿಗೆಯನ್ನೇ ನೆಚ್ಚಿಕೊಂಡಿದ್ದವು. ಹಸಿರು ದೀಪ ಹತ್ತಿದರೆ ದೊಡ್ಡ ಮೊತ್ತದ ಪಾಲಿಸಿ, ಸಣ್ಣ ಕಂತು. ಕೆಂಪು ಹತ್ತಿದರೆ ಪಾಲಿಸಿಯೇ ಇಲ್ಲ. ಊದುವುದಿಲ್ಲ ಎಂದವನಿಗೆ ಪಾಲಿಸಿ ಇತ್ತು, ಆದರೆ ಕಂತು ಭಾರ, ಸತ್ತ ಮೇಲೆ ಮನೆಯವರಿಗೆ ಸಿಗುವುದು ತಿಥಿ ಊಟಕ್ಕೂ ಸಾಲದು.

ಗುಟ್ಕಾ ತಿಂದದ್ದು ಯಂತ್ರಕ್ಕೆ ಗೊತ್ತಾಗುತ್ತದೆಂದು ಯಾರೋ ಹಬ್ಬಿಸಿದ್ದರು. ಅದಕ್ಕೇ ಎಲ್ಲರೂ ಲವಂಗ, ಏಲಕ್ಕಿ ಜಗಿದು ಬಂದಿದ್ದರು. ಪೆಟ್ಟಿಗೆ ಬಾಯಿಯ ವಾಸನೆಗೆ ಮೂಗು ಹಾಕುವುದಿಲ್ಲ ಎಂದು ಓಂಕಾರ ಹೇಳಿದರೂ ಯಾರೂ ನಂಬಲಿಲ್ಲ.

ಮರಳು ಸಾಣಿಸುವ ಇರ್ಫಾನ್ ಮುಲ್ಲಾ ಊದಿದ. ಕೆಂಪು ಹತ್ತಿತು.

"ಸಿಗ್ನಲ್ ಬಿತ್ತಲೇ," ಎಂದು ಇರ್ಫಾನನೇ ಮೊದಲು ನಕ್ಕ. ಬೇರೆ ಯಾರೂ ನಗಲಿಲ್ಲ. ಅವನ ಹಿಂದೆ ನಿಂತಿದ್ದವನು ಸಮರ್ಥ ಲೋಹಾರ, ಕಾದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವವನು. ಸಮರ್ಥನ ಅಪ್ಪ ಇದೇ ಕೆಲಸದಲ್ಲಿ ಕೆಮ್ಮಿ ಕೆಮ್ಮಿ ಸತ್ತಿದ್ದ.

"ಮಾಮಾ, ಬಾ," ಎಂದು ಓಂಕಾರ ಕರೆದ. ಸಮರ್ಥ ಅವನ ಅಕ್ಕನ ಗಂಡ.

"ನಿನ್ನ ಡಬ್ಬಿ ನೀನ ಊದಕೋ," ಎಂದು ಸಮರ್ಥ ಕುಲುಮೆಯ ಕಡೆ ನಡೆದುಬಿಟ್ಟ.

ಮನೆಯಲ್ಲಿ ಹೆಂಡತಿ ಪಲ್ಲವಿ ಬಿಡಲಿಲ್ಲ. "ಯಾಕ ಊದಲಿಲ್ಲ?"

"ಸಾಯೂದು ಗೊತ್ತಾಗಿ ಏನ ಮಾಡಬೇಕು? ಗೊತ್ತಿಲ್ಲದ ಆರಾಮ ಅದೀನಿ."

"ನೀವು ಆರಾಮ ಅದೀರಿ. ರಾತ್ರಿ ಮೂರು ಸಲ ಕೆಮ್ಮಿದ್ರ ಎದ್ದು ಕೂಡಾಕಿ ನಾನು. ನಿಮಗ ಗೊತ್ತಾಗೂದು ಬ್ಯಾಡಂದ್ರ, ನನಗೂ ಗೊತ್ತಾಗಬಾರದೇನ್ರಿ?"

ಮಾತಿನಲ್ಲಿ ಸೋತ ಗಂಡಸರು ಮಾಡುವುದನ್ನೇ ಸಮರ್ಥ ಮಾಡಿದ: ತಾಟು ಸರಿಸಿ ಎದ್ದ.

ಕೆಂಪು ಬಂದವರನ್ನು ಡಾಕ್ಟರ್ ಕಟಗೇರಿ ತಾವೇ ಕರೆಸಿ ನೋಡುತ್ತಿದ್ದರು. ಇರ್ಫಾನನ ಜೊತೆ ಸಮರ್ಥನೂ ಹೋದ. ಗೆಳೆಯನಿಗೆ ಆಸರೆಯಾಗಲು ಎಂದು ಹೇಳಿದನಾದರೂ, ಅರ್ಧ ಜಗಳಕ್ಕೇ ಹೋಗಿದ್ದ.

"ಶ್ವಾಸಕೋಶದೊಳಗ ಮರಳಿನ ಧೂಳು ಕುಂತು ಗಾಯ ಆಗೇತಿ," ಎಂದರು ಡಾಕ್ಟರ್. "ಹಳೇ ಕಾಲದಾಗ ಇದಕ್ಕ ಔಷಧ ಇರಲಿಲ್ಲ. ಈಗ ಗಾಯ ಮುಂದ ಹಬ್ಬದಂಗ ತಡೀಬಹುದು. ಭಾಳ ಲಗೂನ ಬಂದೀರಿ ಇರ್ಫಾನ್, ಮೊಮ್ಮಕ್ಕಳನ್ನ ಆಡಸತೀರಿ."

"ಆಡಸತಾನ, ಆದ್ರ ಇವಂಗ ವಿಮಾ ಯಾರು ಕೊಡತಾರ್ರಿ?" ಸಮರ್ಥ ಮೇಜು ಗುದ್ದಿದ. "ನಿಮ್ಮ ಯಂತ್ರ ಜೀವಾ ಉಳಿಸಿ ಹೊಟ್ಟಿಗಿ ಹೊಡೀತು!"

ಡಾಕ್ಟರ್ ಕಟಗೇರಿ ಸಿಟ್ಟಾಗಲಿಲ್ಲ. "ಖರೇ ಐತಿ. ನಾ ಯಂತ್ರ ಮಾಡಿದ್ದು ಊದಿದವಂಗ ಹೇಳಾಕ. ಅದು ಕಂಪನಿಗಿ ಮೊದಲ ಹೇಳಾಕತ್ತೇತಿ. ಒಂದ ದಾರಿ ಐತಿ, ಯಾರೂ ಹಿಡದಿಲ್ಲ. ಒಂದು ಕಾರಖಾನೆಯ ಮಂದಿ ಕೂಡಿ ಒಂದ ಚೀಲದಾಗ ಊದಿದ್ರ, ಆ ಕೂಡಿದ ಉಸಿರನ್ನ ಅಳದು ಊದಿದವರಿಗೆಲ್ಲಾ ಒಂದ ಕಂತು ಹಾಕಬೇಕು. ಯಾರ ಉಸಿರು ಯಾವುದು ಅಂತ ಕಂಪನಿ ಕೇಳಂಗಿಲ್ಲ. ಕಾನೂನ ಐತಿ."

"ಮತ್ತ ಯಾಕ ಹಿಡದಿಲ್ಲ?"

"ಹಸಿರು ಬಂದಾವ ಚೀಲಕ್ಕ ಬಾಯಿ ಇಡಂಗಿಲ್ಲ. ಅವಂಗ ಒಬ್ಬನ ಹೋದ್ರ ಕಂತು ಸೋವಿ, ಕಡಿಮಿ ಬೀಳತೈತಿ."

ಸಮರ್ಥ ಡಾಕ್ಟರ ಮೇಜಿನ ಮೇಲಿದ್ದ ಊದುಪೆಟ್ಟಿಗೆಯನ್ನು ಎಳೆದುಕೊಂಡ. "ಇದು ಕಂಪನಿಗಿ ಹೇಳತೈತೇನು?"

"ಇಲ್ಲ. ಇದು ನಿಮಗಷ್ಟ ಹೇಳತೈತಿ."

ಊದಿದ. ಕಣ್ಣು ಮುಚ್ಚಿಕೊಂಡೇ ಊದಿದ. ತೆರೆದಾಗ ಹಸಿರು ದೀಪ ಉರಿಯುತ್ತಿತ್ತು. ರಾತ್ರಿಯ ಕೆಮ್ಮು ಬೀಡಿಯದು, ಬಿಟ್ಟರೆ ಹೋಗುತ್ತದೆ ಎಂದರು ಡಾಕ್ಟರ್. ಸಮರ್ಥನಿಗೆ ಕುಣಿಯಬೇಕೆನಿಸಿತು. ಪಕ್ಕದಲ್ಲಿ ಇರ್ಫಾನನಿದ್ದ, ಕುಣಿಯಲಿಲ್ಲ.

ಹಸಿರಿನ ಸುದ್ದಿ, ಸಮರ್ಥ ಚೀಲದ ದಾರಿ ಹಿಡಿಯುತ್ತಾನೆಂಬ ಸುದ್ದಿ, ಎರಡೂ ಓಂಕಾರನಿಗೆ ಮುಟ್ಟಲು ತಡವಾಗಲಿಲ್ಲ. ಸಂಜೆಯೇ ಅಕ್ಕನ ಮನೆಗೆ ಬಂದು ಕುಳಿತ. "ಮಾಮಾ, ಚೀಲಾ ಗೀಲಾ ಬಿಡು. ನೀ ಒಬ್ಬನ ಪಾಲಿಸಿ ತಗೋ. ಚೀಲದಾಗ ಊದಿದ್ರ ಮಂದೀ ಕೆಮ್ಮಿಗಿ ನೀ ಕಂತು ತುಂಬತಿ."

ಪಲ್ಲವಿಯೂ ತಮ್ಮನ ಕಡೆಗೇ ಇದ್ದಳು. "ಮಗಳು ಇನ್ನೂ ಸಾಲಿಗಿ ಹೊಂಟಾಳ್ರಿ. ಮೊದಲ ಅಕೀನ ನೋಡ್ರಿ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಮರ್ಥನಿಗೆ ಸಿಟ್ಟು ಬಂದದ್ದೂ ಅದಕ್ಕೇ.

"ಕೆಲಸಕ್ಕ ಸೇರಿದ ದಿನ ನಾನೂ ಇರ್ಫಾನನೂ ಕೂಡೇ ಹೋಗಿದ್ವಿ. ಮಾಲಕ ಬಟ್ಟು ಮಾಡಿ ತೋರಿಸಿ, 'ನೀ ಕುಲುಮಿಗಿ, ನೀ ಮರಳಿಗಿ' ಅಂದ. ಬಟ್ಟು ಆಕಡೆ ಈಕಡೆ ಆಗಿದ್ರ ಆ ಕೆಂಪು ದೀಪ ನಂದು. ಆವಾಗ ಯಾರ ಮನೀ ಬಾಗಲಕ್ಕ ಹೋಗತಿದ್ದಿ ನೀ?"

ಒಲೆಯ ಮೇಲಿನ ಚಹಾ ಉಕ್ಕಿತು. ಅದನ್ನು ಇಳಿಸುತ್ತ ಪಲ್ಲವಿ ಅಂದಳು: "ಹಂಗಾರ ನೀವೊಬ್ಬರ ಊದಿದ್ರ ಏನ ಆಗತೈತಿ? ಉಳದ ಹಸಿರಿನವರನ್ನೂ ಬೈದು ಕರಕೊಂಡ ಬರ್ರಿ. ಬೈಯಾಕ ನಿಮಗ ಕಲಸಬೇಕೇನು?"

ಸಮರ್ಥ ಬೈದ. ಕೆಲವರು ಬಂದರು, ಕೆಲವರು ಹೆಂಡತಿಯರಿಂದ ಬೈಸಿಕೊಂಡು ಬಂದರು. ಇಬ್ಬರು ಕೊನೆಗೂ ಬರಲಿಲ್ಲ. ಕ್ರೇನಿನ ಕೊಕ್ಕೆಗೆ ನೇತುಹಾಕಿದ ದೊಡ್ಡ ಚೀಲಕ್ಕೆ ಒಬ್ಬೊಬ್ಬರೇ ಊದಿದರು. ಅದು ಉಬ್ಬಿ ಉಬ್ಬಿ ಎಮ್ಮೆಯ ಗಾತ್ರಕ್ಕೆ ಬಂತು. ಕಂಪನಿಯವರು ಮುಖ ಗಂಟಿಕ್ಕಿಕೊಂಡು ಅಳೆದರು. ಕಂತು ಹಸಿರಿನವರಿಗೆ ಸ್ವಲ್ಪ ಭಾರವೇ ಆಯಿತು. ಆದರೆ ಇರ್ಫಾನನ ಹೆಸರೂ ಪಾಲಿಸಿಯಲ್ಲಿತ್ತು.

ಡಾಕ್ಟರ್ ಕಟಗೇರಿ ಕೂಡ ಎಣಿಸದೇ ಇದ್ದದ್ದು ಆಮೇಲೆ ನಡೆಯಿತು. ಚೀಲದ ಕಾನೂನಿನ ಪ್ರಕಾರ ಕಂತಿನ ಅರ್ಧ ಪಾಲು ಮಾಲಕನದು. ಚೀಲದಲ್ಲಿ ಧೂಳಿನ ಗುರುತು ಹೆಚ್ಚಿದ್ದರೆ ಅವನ ಪಾಲೂ ಹೆಚ್ಚು. ಮೂಗಿಗೆ ಬಟ್ಟೆ ಕಟ್ಟದವನನ್ನು ಈಗ ಪಕ್ಕದವನೇ ಬೈಯುತ್ತಿದ್ದ, ಯಾಕೆಂದರೆ ಅವನ ಎದೆ ಇವನ ಲೆಕ್ಕಕ್ಕೂ ಸೇರಿತ್ತು. ಎಷ್ಟೋ ವರ್ಷ ಕೈಮುಗಿದು ಕೇಳಿದರೂ 'ನೋಡೋಣ' ಎನ್ನುತ್ತಿದ್ದ ಮಾಲಕ, ಮರಳಿನ ಶೆಡ್ಡಿಗೆ ಧೂಳು ಹೀರುವ ಫ್ಯಾನು ಹಾಕಿಸಿದ. ಮರು ವರ್ಷ ಚೀಲ ಅಳೆದಾಗ ಕಂತು ಇಳಿಯಿತು. ಅಕ್ಕಪಕ್ಕದ ಫೌಂಡ್ರಿಯವರು ಚೀಲ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ಬಂದರು.

ಉಸಿರು ಓದುವ ಪೆಟ್ಟಿಗೆಗಾಗಿ ನಾವು ಇನ್ನೂ ಕೆಲವು ದಶಕ ಕಾಯಬೇಕು. ಫ್ಯಾನಿಗೆ ಕಾಯಬೇಕಾಗಿಲ್ಲ. ಅದು ಹೊಸ ಶೋಧವೇನಲ್ಲ. ನೀವು ಇದನ್ನು ಓದುತ್ತಿರುವ ಈ ಹೊತ್ತಿಗೂ ಬಜಾರಿನಲ್ಲಿ ಸಿಗುತ್ತದೆ.