ಕಚ್ಚಿದ ಜೇನುರೊಟ್ಟಿ

ಬಲು ಹಿಂದೆ, ಸಮುದ್ರದಾಚೆ ಯವನರ ಸೀಮೆಯಲ್ಲಿ ಒಂದು ದ್ವೀಪವಿತ್ತು, ದ್ವೀಪಕ್ಕೊಬ್ಬ ರಾಜನಿದ್ದ. ರಾಜನಿಗೊಬ್ಬ ರಾಣಿ, ರಾಣಿಗೊಬ್ಬ ಲಾಕೋನನೆಂಬ ಮಾಂತ್ರಿಕ. ದೂರದ ಸೋದರಮಾವನಂತೆ! ಆ ಮಾವನ ಚಪ್ಪಲಿ ಸದಾ ರಾಣಿಯ ಬಾಗಿಲಲ್ಲೇ ಇರುತ್ತಿತ್ತು. ಒಂದು ದಿನ ಅವಳು ಬಾಗಿಲು ಹಾಕಿಕೊಂಡಳು. ಆ ಸಿಟ್ಟಿಗೆ ಅವನು ಊರ ಮೇಲೆ ಉರಿಜ್ವರ ಊದಿದ. ರಾಣಿ ಗಟ್ಟಿಮುಟ್ಟಾಗೇ ಇದ್ದಳು. ಊರ ಮಕ್ಕಳೆಲ್ಲ ಹಾಸಿಗೆ ಹಿಡಿದವು.

ಬೇರು ಅಗೆಯುವ ವಿಧವೆ ಫಿಲಿನ್ನಳ ಒಬ್ಬಳೇ ಮಗಳು ಮಿರ್ತಾ ಕೂಡ ಮಲಗಿದಳು. ಸಂಜೆ ಆಟ ಬಿಟ್ಟು ಬಾ ಎಂದು ಫಿಲಿನ್ನ ಮಗಳನ್ನು ಕೂಗಿದರೆ ಬಂದರಿನ ದೋಣಿಯವರೂ ತಿರುಗಿ ನೋಡುತ್ತಿದ್ದರು, ಅಂಥ ಗಂಟಲು ಅವಳದು.

ಈ ಜ್ವರಕ್ಕೆ ಮೂರು ಬೇರು ಬೇಕು. ಬೇರಿಗೆ ತೋಡಿದ ಕುಳಿಯಲ್ಲಿ ಒಂದೊಂದು ಜೇನುರೊಟ್ಟಿ ಇಡಬೇಕು. ಬೇರಿನವರ ಕಟ್ಟಳೆ ಅದು. ಮನೆಯ ಹಿಟ್ಟೆಲ್ಲ ಬಳಿದು ಅವಳು ಮೂರೇ ರೊಟ್ಟಿ ಸುಟ್ಟಳು.

"ಅವ್ವಾ, ಹಸಿವು," ಎಂದಳು ಮಿರ್ತಾ. ಒಂಬತ್ತು ದಿನದ ಮೇಲೆ ಆಡಿದ ಮಾತು! ಯಾವ ತಾಯಿ ತಡೆದಾಳು? ಒಂದು ರೊಟ್ಟಿ ಬಾಯಿಗೆ ಹಿಡಿದಳು. ಮಗು ಒಂದು ಸಲ ಕಚ್ಚಿ ಮತ್ತೆ ಕಣ್ಣು ಮುಚ್ಚಿತು.

ಮೊದಲ ಬೇರನ್ನು ಹಾವು ಕಾಯುತ್ತಿತ್ತು. ರೊಟ್ಟಿ ಇಟ್ಟಳು, ಹಾವು ಸರಿಯಿತು. ಎರಡನೆಯದನ್ನು ಕಣ್ಣನ್ನೇ ಕುಕ್ಕಿ ಕೀಳುವ ಮರಕುಟಿಗ ಕಾಯುತ್ತಿತ್ತು. ರೊಟ್ಟಿ ಇಟ್ಟಳು, ಹಕ್ಕಿ ಹಾರಿತು. ಮೂರನೆಯದಕ್ಕೆ ಕಾವಲೇ ಇರಲಿಲ್ಲ. ಕಚ್ಚಿದ ರೊಟ್ಟಿ ಇಟ್ಟಳು. ಕುಳಿಯೊಳಗಿಂದ ಭೂಮಿಯೇ ಮಾತಾಡಿತು.

"ಏನೇ, ನನಗೆ ಎಂಜಲು ಇಡ್ತೀಯಾ?"

"ತಪ್ಪಾಯ್ತು ತಾಯಿ. ಮನೇಲಿ ಬೇರೆ ಹಿಟ್ಟಿಲ್ಲ."

"ಕಚ್ಚಿದ ಬಾಯಿ ಯಾವುದು? ಅದರ ದನಿ ನನಗೆ ಕೊಡು."

ಫಿಲಿನ್ನ ತನ್ನ ಬಾಯಿ ಮುಟ್ಟಿ ತೋರಿಸಿದಳು. "ನಂದೇ."

"ಇಷ್ಟು ಸಣ್ಣ ಹಲ್ಲೇನೇ ನಿಂದು?"

"ನಾನೇ ತಾಯಿ. ನಾನೇ."

ಭೂಮಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು, ಅದೂ ತಾಯಿಯೇ. ಕೊಟ್ಟವಳ ದನಿ ತೆಗೆದುಕೊಂಡು, ಬೇರು ಬಿಟ್ಟುಕೊಟ್ಟಿತು.

ಮೂರೂ ಬೇರನ್ನು ದ್ರಾಕ್ಷಿಯ ಹುಳಿಯಲ್ಲಿ ಕುದಿಸಿ, ಜೇನು ಬೆರೆಸಿ, ಮನೆಮನೆಗೆ ಹಂಚಿದಳು. ಮಕ್ಕಳ ಮೈಬಿಟ್ಟ ಉರಿ ತನ್ನ ಒಡೆಯನನ್ನೇ ಹುಡುಕಿಕೊಂಡು ಹೋಯಿತು. ಲಾಕೋನ ರಾಣಿಯ ಬಾಗಿಲಲ್ಲೇ ಬೂದಿಯಾದ. ಚಪ್ಪಲಿ ಮಾತ್ರ ಉಳಿಯಿತು, ರಾಜನ ಕಣ್ಣಿಗೇ ಬಿತ್ತು! ಆಸ್ಥಾನದ ವೈದ್ಯನೋ, ಆ ಕಷಾಯವನ್ನು ತನ್ನ ಹೆಸರಲ್ಲೇ ಗ್ರಂಥದಲ್ಲಿ ಬರೆದುಕೊಂಡ. ಅಲ್ಲ ಎನ್ನಲು ಫಿಲಿನ್ನಳಿಗೆ ಬಾಯಿಲ್ಲವಲ್ಲ.

ದ್ವೀಪದ ಮನೆಮನೆಯಲ್ಲೂ ನಗು ಮರಳಿತು. ಮಿರ್ತಾ ಎದ್ದು ಆಡಲು ಓಡಿದಳು. ಸಂಜೆ ಕವಿಯಿತು, ಗೆಳತಿಯರೆಲ್ಲ ಹೊರಟರು.

"ಮನೆಗೆ ಹೋಗಲ್ವೇನೇ?"

"ಅವ್ವ ಇನ್ನೂ ಕೂಗಿಲ್ಲವಲ್ಲೇ," ಎಂದು ಮಿರ್ತಾ ಒಬ್ಬಳೇ ಆಡುತ್ತ ಉಳಿದಳು.

ಅತ್ತ ಹೊಸ್ತಿಲ ಮೇಲೆ ಫಿಲಿನ್ನ ಬಾಯಿ ತೆರೆದುಕೊಂಡು ನಿಂತಿದ್ದಳು.