ಜೋಸೆಫರ ಜಾಗದಲ್ಲಿ ನಿಂತಿದ್ದು

ಭಾವ ಕದಿಯುವವರಲ್ಲ. ಅದು ಗೊತ್ತು. ಗೊತ್ತು ಅಂದರೆ ಎಷ್ಟು ಗೊತ್ತು? ‘ನಮ್ಮ ಮನೆಯವರು ಅಂಥವರಲ್ಲ ಸಾರ್’ ಎನ್ನುವ ಮಾತನ್ನು ಎಷ್ಟು ಹೊಸ್ತಿಲುಗಳ ಮೇಲೆ ನಿಂತು ಕೇಳಿಲ್ಲ? ಹಾಗೆ ಹೇಳಿದವರಲ್ಲಿ ಬಹಳ ಜನ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಇವತ್ತು ಆ ಹೊಸ್ತಿಲಿನ ಒಳಗೆ ನಿಂತಿರುವವನು ತಾನೇ ಇರಬಹುದಲ್ಲ?

ದಫೇದಾರ ಕಣ್ಣೆತ್ತಿ ಮತ್ತೆ ನೋಡಿದ. ಪೊಲೀಸ್ ಕೆಲಸದಿಂದ ನಿವೃತ್ತಿಯಾಗಿ ಆರು ವರ್ಷವಾದರೂ ಎಲ್ಲರ ಬಾಯಲ್ಲಿ ಅವನು ದಫೇದಾರನೇ. ಚರ್ಚಿನ ಎಡಗೋಡೆಯ ಪೀಠದ ಮೇಲೆ ಸಂತ ಜೋಸೆಫರು ಇರಬೇಕಿತ್ತು. ಇರಲಿಲ್ಲ. ಅವರ ಜಾಗದಲ್ಲಿ ಆಳೆತ್ತರದ ಒಂದು ಮರದ ಮೇಣದಬತ್ತಿ ಕಂಬ ನಿಂತಿತ್ತು. ಶವಪೆಟ್ಟಿಗೆಯ ಸುತ್ತ ಆರು ಕಂಬ ಇಡುತ್ತಾರಲ್ಲ, ಅದರಲ್ಲೊಂದು. ಅದರ ಕುತ್ತಿಗೆಗೆ ಅಂಗಿ ನೇತುಹಾಕುವ ಹ್ಯಾಂಗರ್ ಕಟ್ಟಿತ್ತು. ತಲೆಯ ಜಾಗದಲ್ಲಿ ಉಂಡೆ ಮಾಡಿದ ಟವೆಲ್.

ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಎರಡು ವಾರ ಇರುವಾಗ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಹೊದಿಸುತ್ತಾರೆ. ಹಬ್ಬದ ಹಿಂದಿನ ಶನಿವಾರ ತೆಗೆಯುತ್ತಾರೆ. ನಡುವಿನ ದಿನಗಳಲ್ಲಿ ಅವನ್ನು ಯಾರೂ ಮುಟ್ಟುವುದಿಲ್ಲ. ಇವತ್ತು ಬೆಳಿಗ್ಗೆ ಹೊದಿಕೆ ಎಳೆದವಳು ಟೈಲರಮ್ಮ. ಆ ಹೊದಿಕೆಗಳನ್ನು ಹೊಲಿದವಳೂ ಅವಳೇ. “ಅಯ್ಯೋ, ಇದ್ಯಾರಪ್ಪಾ!” ಎಂದು ಕಿರುಚಿ ಏಣಿಯಿಂದ ಇಳಿದವಳು ಇನ್ನೂ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದಳು.

“ಬೀಗ ಒಡೆದಿಲ್ಲ. ಕಿಟಕಿ ಮುರಿದಿಲ್ಲ,” ಎಂದರು ಔಷಧಿ ಅಂಗಡಿಯವರು. ಅವರು ಚರ್ಚಿನ ಮಂಡಳಿಯ ಅಧ್ಯಕ್ಷರು. ಏನು ಹೇಳಿದರೂ ಊಟಕ್ಕೆ ಮುಂಚೆ ಒಂದು, ಊಟ ಆದ ಮೇಲೆ ಒಂದು ಅನ್ನುವ ಧಾಟಿ. “ಕೀಲಿಕೈ ಯಾರ ಹತ್ರ ಇತ್ತು?”

“ಒಂದು ನನ್ನ ಹತ್ರ. ಇನ್ನೊಂದು ಫಾದರ್ ಹತ್ರ,” ಎಂದರು ಭಾವ.

ಭಾವ ಇಪ್ಪತ್ತೆಂಟು ವರ್ಷದಿಂದ ಈ ಚರ್ಚಿನ ಬಾಗಿಲು ತೆಗೆದು, ಗಂಟೆ ಬಾರಿಸಿ, ಬತ್ತಿ ಹಚ್ಚಿದವರು. ಹಿಂದುಗಡೆಯ ಎರಡು ಕೋಣೆಯ ಮನೆ ಆ ಕೆಲಸದ ಜೊತೆಗೇ ಬಂದದ್ದು. ದಫೇದಾರನ ಅಕ್ಕ ಅಲ್ಲೇ ಸಂಸಾರ ಹೂಡಿ, ಅಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು.

“ಫಾದರ್‌ನ ಅನುಮಾನಿಸೋಕಾಗುತ್ತಾ? ಜೋಸೆಫರ ಆ ಸ್ವರೂಪ ನೂರು ವರ್ಷದ್ದು, ಹಡಗಿನಲ್ಲಿ ಬಂದಿದ್ದು. ಹಳೇ ಸಾಮಾನು ಕೊಳ್ಳೋರಿಗೇನು ಬರಗಾಲವಾ?” ಔಷಧಿ ಅಂಗಡಿಯವರು ಭಾವನ ಮುಖ ನೋಡಲಿಲ್ಲ. “ಆರು ಗಂಟೆಗೆ ಮಂಡಳಿಯವರು ಸೇರ್ತೀವಿ. ಅಷ್ಟರಲ್ಲಿ ಏನೂ ಗೊತ್ತಾಗದಿದ್ರೆ ಕೀಲಿಕೈ ಕೊಟ್ಬಿಡಿ. ಹಬ್ಬ ಮುಗಿದ ಮೇಲೆ ಮನೆ ವಿಷಯ ಮಾತಾಡೋಣ.”

ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು.

ದಫೇದಾರ ಪೀಠದ ಹತ್ತಿರ ಹೋಗಿ ಬಗ್ಗಿದ. ಕಲ್ಲಿನ ಸಂದಿಯಲ್ಲಿ ಏನೋ ಬೆಳ್ಳಗೆ ಕಂಡಿತು. ಉಗುರಿನಿಂದ ಎಬ್ಬಿಸಿದ. ಕಡಲೆಯಷ್ಟು ದೊಡ್ಡ ಪ್ಲಾಸ್ಟರ್ ಚೂರು, ಒಂದು ಮಗ್ಗುಲಿಗೆ ಕಂದು ಬಣ್ಣ. ಜೇಬಿಗೆ ಹಾಕಿಕೊಂಡ.

*

ಫಾದರ್ ವಸ್ತ್ರಗಳ ಕೋಣೆಯಲ್ಲಿದ್ದರು. ಮೂವತ್ತೆರಡರ ವಯಸ್ಸು. ಇಲ್ಲಿಗೆ ಬಂದು ಮೂರು ತಿಂಗಳು. ಬಂದ ಮೊದಲ ವಾರ ಎರಡು ಬೆಂಚು ಸರಿಸಿದ್ದಕ್ಕೆ ಜನ ಇನ್ನೂ ಗೊಣಗುತ್ತಿದ್ದರು. ಹಿಂದಿನ ಫಾದರ್ ಇದ್ದಿದ್ದರೆ ಹೀಗಾಗುತ್ತಿತ್ತೇ ಎನ್ನುತ್ತಿದ್ದರು.

“ಸ್ಟೇಷನ್ನಿಗೆ ಹೇಳೋಣವಾ ಫಾದರ್?” ಎಂದ ದಫೇದಾರ.

“ಬೇಡ.”

“ಯಾರ ಮೇಲಾದ್ರೂ ಅನುಮಾನ ಇದೆಯಾ?”

ಫಾದರ್ ಮಡಿಸಿಟ್ಟ ಬಿಳಿ ವಸ್ತ್ರವನ್ನು ಬಿಡಿಸಿ ಮತ್ತೆ ಮಡಿಸಿದರು. ಕೊನೆಗೆ, “ದಯವಿಟ್ಟು ನನ್ನ ಕೇಳಬೇಡಿ,” ಎಂದರು.

ಬಾಗಿಲ ಬಳಿ ಹೂದಾನಿ ತೊಳೆಯುತ್ತಿದ್ದ ಹೆಂಗಸರ ಕಿವಿಗೆ ಅಷ್ಟು ಸಾಕಾಯಿತು.

“ಗೊತ್ತಾಯ್ತಲ್ಲ?” ಎಂದಳು ಟೈಲರಮ್ಮ. ನೀರು ಕುಡಿದು ಸುಧಾರಿಸಿಕೊಂಡಿದ್ದಳು. “ನಿನ್ನೆ ಶುಕ್ರವಾರ ಪಾಪನಿವೇದನೆ ಇತ್ತು. ಕದ್ದೋರು ಬಂದು ಫಾದರ್ ಕಿವೀಲಿ ಹೇಳಿಕೊಂಡಿದ್ದಾರೆ. ಪಾಪ, ಅವರು ಬಾಯಿ ಬಿಡೋ ಹಾಗಿಲ್ಲ. ತಲೆ ಹೋದ್ರೂ ಹೇಳೋ ಹಾಗಿಲ್ಲ.”

“ಕೊನೇಲಿ ಮಂಡಿಯೂರಿದ್ದು ಯಾರು?” ಎಂದು ಇನ್ನೊಬ್ಬಳು ಕೇಳಿದಳು.

ಎಲ್ಲರೂ ನೋಡಿದ್ದರು. ಕೊನೆಗೆ ಹೋದವರು ಭಾವ. ಬಹಳ ಹೊತ್ತು ಅಲ್ಲಿದ್ದರು. ಕಣ್ಣೊರೆಸಿಕೊಂಡು ಎದ್ದು ಬಂದಿದ್ದರು.

ಗಂಟೆಗೋಪುರದ ಕೆಳಗೆ ದಫೇದಾರ ಅವರನ್ನು ಹಿಡಿದ. “ಭಾವ, ನಿನ್ನೆ ಯಾಕೆ ಅತ್ರಿ?”

“ಅದು ನನಗೂ ದೇವರಿಗೂ ಇರೋ ವಿಷಯ ಕಣಯ್ಯ.”

“ಇವತ್ತು ಅದು ಊರಿನ ವಿಷಯ ಆಗಿದೆ.”

“ಊರು ಬೇಕಾದ್ದು ಮಾತಾಡ್ಕೊಳ್ಲಿ,” ಎಂದು ಭಾವ ಹೊರಟುಹೋದರು.

ನಿರಪರಾಧಿಗಳು ಸಾಮಾನ್ಯವಾಗಿ ಹೆಚ್ಚು ಮಾತಾಡುತ್ತಾರೆ. ದಫೇದಾರನ ಅನುಭವ ಅದು. ಭಾವ ಮಾತಾಡಲಿಲ್ಲ.

*

ಅಕ್ಕ ಬಲಿಪೀಠದ ಹಾಸುಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ತಮ್ಮನನ್ನು ಕಂಡು ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು.

“ನೀನಾದ್ರೂ ಬಂದ್ಯಲ್ಲ. ಬೆಳಿಗ್ಗೆಯಿಂದ ಒಬ್ಬರೂ ಈ ಕಡೆ ತಲೆ ಹಾಕಿಲ್ಲ. ನಿನ್ನೆವರೆಗೂ ಸೂಜಿ ಬೇಕು, ದಾರ ಬೇಕು ಅಂತ ಬಾಗಿಲು ಸವೆಸ್ತಿದ್ರು.”

“ಟೀ ಮಾಡಕ್ಕ.”

ಅವಳು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು. ದಫೇದಾರ ಮಂಡಿಯೂರಿ ಮಂಚದ ಕೆಳಗೆ ಬಗ್ಗಿ ನೋಡಿದ. ಕಬ್ಬಿಣದ ಪೆಟ್ಟಿಗೆ. ಉರಿದುಳಿದ ಮೇಣದಬತ್ತಿ ತುಂಡುಗಳ ಡಬ್ಬ. ಹಳೆಯ ಚಪ್ಪಲಿ. ಪೆಟ್ಟಿಗೆಯ ಮುಚ್ಚಳ ಸದ್ದಾಗದಂತೆ ಎತ್ತಿದ. ಮೇಲೆ ಅಕ್ಕನ ಮದುವೆ ಸೀರೆ, ಅದರ ಕೆಳಗೆ ಅಪ್ಪನ ಫೋಟೋ. ಕೈ ತಾನಾಗಿಯೇ ಹಿಂದಕ್ಕೆ ಬಂತು. ಆದರೂ ಬೀರುವಿನ ಹಿಂದೆ ಒಮ್ಮೆ ಇಣುಕಿದ.

“ಏನೋ ಬಿತ್ತಾ?” ಅಕ್ಕ ಎರಡು ಲೋಟ ಹಿಡಿದು ನಿಂತಿದ್ದಳು.

“ಪೆನ್ನು.”

ಟೀ ಕುಡಿಯುವಾಗ ಮೇಜಿನ ಮೇಲಿನ ಪುಟ್ಟ ಬಾಟಲಿ ಕಣ್ಣಿಗೆ ಬಿತ್ತು. “ಇದೇನು?”

“ನಿಮ್ಮ ಭಾವಂದು, ಕಣ್ಣಿನ ಔಷಧಿ. ಪೊರೆ ತೆಗೆಸಿದ್ದು ಮರೆತ್ಯಾ? ಮೂರು ದಿನ ಆಸ್ಪತ್ರೇಲಿದ್ವಿ. ಎರಡು ವಾರದ ಹಿಂದೆ, ಶನಿವಾರ ಸಂಜೆ ಸ್ವರೂಪಗಳಿಗೆ ಬಟ್ಟೆ ಹೊದಿಸಿದ್ರು, ಟೈಲರಮ್ಮ ಪಿನ್ನು ಕೊಡ್ತಿದ್ಳು. ಭಾನುವಾರ ಪೂಜೆ ಮುಗಿಸಿ, ಕೀಲಿಕೈ ಫಾದರ್‌ಗೆ ಕೊಟ್ಟು ಹೊರಟ್ವಿ. ವಾಪಸ್ ಬಂದಿದ್ದು ಬುಧವಾರ.”

“ಎರಡೂ ಕೀಲಿ ಗೊಂಚಲು ಫಾದರ್ ಹತ್ರಾನೇ ಇತ್ತಾ?”

“ಮತ್ತಿನ್ಯಾರ ಹತ್ರ ಕೊಡ್ತಾರೆ?”

ದಫೇದಾರ ಅರ್ಧ ಟೀ ಬಿಟ್ಟು ಎದ್ದ.

*

ಎಲ್ಲರೂ ಕಳ್ಳತನ ಮೊನ್ನೆ ಗುರುವಾರ ಆಯಿತೆಂದು ನಂಬಿದ್ದರು. ಅವತ್ತು ಆರಾಧನೆಗೆಂದು ಚರ್ಚು ಸಂಜೆಯೆಲ್ಲ ತೆರೆದಿತ್ತು, ಕೊನೆಗೆ ಬೀಗ ಹಾಕಿದವರು ಭಾವ. ಆದರೆ ಬಟ್ಟೆಯ ಒಳಗೆ ಏನಿದೆ ಎಂದು ಎರಡು ವಾರ ಯಾರೂ ನೋಡಿರಲಿಲ್ಲ. ಜೋಸೆಫರು ಎಂದು ಹೋದರು ಎನ್ನುವುದನ್ನು ಜೋಸೆಫರಿಂದ ತಿಳಿಯಲಾಗದು. ಅವರ ಜಾಗದಲ್ಲಿ ನಿಂತ ಕಂಬದಿಂದ ತಿಳಿಯಬಹುದು. ಅದು ತನ್ನ ಕೆಲಸ ಬಿಟ್ಟು ಬಂದದ್ದು ಯಾವತ್ತು?

ಬೇಕರಿಯವನ ತಾಯಿ ತೀರಿಕೊಂಡಿದ್ದು ಹೊದಿಕೆ ಹಾಕಿದ ಎರಡು ದಿನಕ್ಕೆ, ಸೋಮವಾರ. ಮಣ್ಣು ಮಾಡಿದ್ದು ಮಂಗಳವಾರ.

“ಫೋಟೋ ತೆಗೆಸಿದ್ಯಾ?”

“ತಮ್ಮ ದೂರದಲ್ಲಿದ್ದಾನಲ್ಲ, ಅವನಿಗೆ ಕಳಿಸೋಕೆ ತೆಗೆದೆ.” ಬೇಕರಿಯವನು ಕೈಗಂಟಿದ ಹಿಟ್ಟು ಒರೆಸಿಕೊಂಡು ಫೋನು ತೋರಿಸಿದ. ಪೆಟ್ಟಿಗೆಯ ಒಂದು ಬದಿಗೆ ಮೂರು ಕಂಬ. ಇನ್ನೊಂದು ಬದಿಗೆ ಎರಡು.

“ಐದೇ ಇದೆ.”

“ಅದೇ ಅಣ್ಣ ನನಗೂ ಕೊರಗು. ಅಮ್ಮನ ಕಾಲ ಹತ್ರ ಒಂದು ಕಡೆ ಕತ್ತಲು. ಆರನೇದು ಎಲ್ಲಿ ಫಾದರ್ ಅಂದೆ. ಐದು ಸಾಕು ಅಂದ್ರು. ಬೇರೆ ಯಾರಾದ್ರೂ ಆಗಿದ್ರೆ ಜಗಳ ಆಡ್ತಿದ್ದೆ.”

ದಫೇದಾರ ಬೇಕರಿಯ ಮುಂದಿನ ರಸ್ತೆಯಲ್ಲಿ ನಿಂತುಬಿಟ್ಟ. ಸೈಕಲ್ಲಿನವನೊಬ್ಬ ಬೈದುಕೊಂಡು ಬಳಸಿ ಹೋದ. ಮಂಗಳವಾರ ಭಾವ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರು. ಎರಡೂ ಗೊಂಚಲು ಒಬ್ಬರ ಬಳಿ ಇತ್ತು. ಗುರುಗಳು ಸುಮ್ಮನಿದ್ದರೆ ಇನ್ನೊಬ್ಬರ ಗುಟ್ಟು ಕಾಯುತ್ತಿದ್ದಾರೆ ಎಂದುಕೊಳ್ಳುವುದು ಇಲ್ಲಿಯವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಅವನೂ ಹಾಗೇ ಅಂದುಕೊಂಡಿದ್ದ. ಅವರು ತಮ್ಮದೇ ಗುಟ್ಟು ಕಾಯುತ್ತಿರಬಹುದು ಎಂದು ಒಬ್ಬರಿಗೂ ತೋಚಲಿಲ್ಲ.

ಜೇಬಿನ ಚೂರು ಬೆರಳಿಗೆ ತಾಗಿತು. ಒಡೆದಿದೆ. ಆಶೀರ್ವದಿಸಿದ ವಸ್ತು ಒಡೆದರೆ ಕಸಕ್ಕೆ ಎಸೆಯುವಂತಿಲ್ಲ. ಸುಡಬೇಕು, ಇಲ್ಲವೇ ಹೂಳಬೇಕು. ಪ್ಲಾಸ್ಟರ್ ಸುಡುವುದಿಲ್ಲ.

*

ಸಮಾಧಿ ತೋಟದಲ್ಲಿ ಗುಂಡಿ ತೋಡುವ ತಾತ ನೆರಳಿನಲ್ಲಿ ಕೂತು ಬೀಡಿ ಸೇದುತ್ತಿದ್ದ.

“ತಾತ, ಈಚೆಗೆ ಯಾರಾದ್ರೂ ಗುದ್ದಲಿ ಕೇಳಿದ್ರಾ?”

“ಫಾದರ್ ತಗೊಂಡ್ರು, ಗುಲಾಬಿ ನೆಡೋಕೆ ಅಂತ. ವಾಪಸ್ ಕೊಡುವಾಗ ತೊಳೆದು ಕೊಟ್ರು. ನಲವತ್ತು ವರ್ಷದಲ್ಲಿ ನನ್ನ ಗುದ್ದಲಿ ಸ್ನಾನ ಮಾಡಿದ್ದು ಅದೊಂದೇ ಸಲ.”

“ಗುಲಾಬಿ ಎಲ್ಲಿ?”

“ನಾನೂ ಹುಡುಕ್ತಾನೇ ಇದ್ದೀನಿ. ಈ ಫಾದರ್ ಕೈಗುಣ ಸರಿ ಇಲ್ಲ ಅಂತ ಕಾಣುತ್ತೆ.”

ಹಿಂದಿನ ಗೋಡೆಯ ಪಕ್ಕ, ಎಳೆಗೂಸುಗಳನ್ನು ಮಲಗಿಸಿದ ಸಾಲಿನ ಕೊನೆಯಲ್ಲಿ, ಹುಲ್ಲಿಲ್ಲದ ಒಂದು ಚೌಕ ಕಂಡಿತು. ತೋಳುದ್ದದ ಜಾಗ. ಸುತ್ತ ಉರುಟು ಕಲ್ಲು ಜೋಡಿಸಿತ್ತು. ಕಳ್ಳನಾದವನು ಕಲ್ಲು ಜೋಡಿಸುವುದಿಲ್ಲ. ದಫೇದಾರ ಅಗೆಯಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಕೂತ. ಫಾದರ್ ಇರುವ ಗುರುನಿವಾಸದ ಕಿಟಕಿಯಿಂದ ಈ ಮೂಲೆ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು.

ಹತ್ತು ನಿಮಿಷಕ್ಕೆ ಫಾದರ್ ಬಂದರು. ಬಂದು ನಿಂತರು.

“ಸೋಮವಾರ ಆಯ್ತಾ ಫಾದರ್?” ದಫೇದಾರ ಚೂರನ್ನು ಕಟ್ಟೆಯ ಮೇಲಿಟ್ಟ.

“ಭಾನುವಾರ ಮಧ್ಯಾಹ್ನ.” ಧ್ವನಿಯಲ್ಲಿ ಒಂದು ಬಗೆಯ ನಿರಾಳವಿತ್ತು. “ಮೊನ್ನೆಯ ಗುರುವಾರದ ಆರಾಧನೆಗೆ ಆ ಜಾಗ ಬೇಕಿತ್ತು. ಸರಿಸಿ ನೋಡೋಣ ಅಂತ ಒಬ್ಬನೇ ಎತ್ತಿದೆ. ಜಾರಿತು. ಮುಖವೇ ಉಳಿಯಲಿಲ್ಲ. ಅಷ್ಟು ವರ್ಷ ಅಜ್ಜಿಯರು ಮುಟ್ಟಿ ಮುಟ್ಟಿ ನಯವಾಗಿದ್ದ ಪಾದ ಮಾತ್ರ ಹಾಗೇ ಇತ್ತು... ನಿಮಗೆ ಹೇಗೆ ಗೊತ್ತಾಯ್ತು?”

“ಮಂಗಳವಾರ ಶವದ ಹತ್ರ ಐದೇ ಕಂಬ. ಅಂದ್ರೆ ಅಷ್ಟು ಹೊತ್ತಿಗೆ ಆರನೇದು ಬಟ್ಟೆ ಒಳಗಿತ್ತು. ಆ ಮೂರು ದಿನ ಭಾವ ಊರಲ್ಲಿರಲಿಲ್ಲ, ಎರಡೂ ಕೀಲಿಕೈ ನಿಮ್ಮ ಹತ್ರ. ಚೂರು ಸಿಕ್ಕಿತು, ಅಂದ್ರೆ ಮಾರೋಕೆ ಒಯ್ದಿದ್ದಲ್ಲ, ಒಡೆದದ್ದು. ಒಡೆದದ್ದನ್ನ ಮರ್ಯಾದೆಯಾಗಿ ಹೂಳಿದ್ದಾರೆ, ಅಂದ್ರೆ ಹೊರಗಿನವರಲ್ಲ. ಗುದ್ದಲಿ ತೊಳೆದು ಕೊಟ್ಟಿದ್ದಾರೆ, ಅಂದ್ರೆ ಗುದ್ದಲಿ ಹಿಡಿದು ಅಭ್ಯಾಸ ಇಲ್ಲದವರು.”

ಫಾದರ್ ಮಣ್ಣನ್ನೇ ನೋಡುತ್ತಿದ್ದರು. “ಹೊಸದಕ್ಕೆ ಹೇಳಿದ್ದೆ. ಈ ಬುಧವಾರ ಬರಬೇಕಿತ್ತು, ಬರಲಿಲ್ಲ. ಬಂದ ಮೇಲೆ ಎಲ್ಲ ಹೇಳೋಣ ಅಂತ ಒಂದೊಂದೇ ದಿನ ತಳ್ಳಿದೆ. ಪಕ್ಕದೂರಿನ ಗುರುಗಳ ಹತ್ರ ಪಾಪನಿವೇದನೆಗೆ ಅಂತ ಎರಡು ಸಲ ಬಸ್‌ಸ್ಟಾಪಿನವರೆಗೂ ಹೋದೆ. ಬಸ್ ಬಂತು, ನಾನು ಹತ್ತಲಿಲ್ಲ. ಇವತ್ತು ನನ್ನ ಮೌನಕ್ಕೆ ಜನ ಬೇರೆ ಅರ್ಥ ಕಟ್ತಾರೆ ಅಂತ ನಾನು ಯೋಚಿಸಿರಲಿಲ್ಲ.”

“ಅದು ಕಿವಿಗೆ ಬಿದ್ದ ಮೇಲೆ?”

“ಬಿದ್ದ ಮೇಲೂ ಸುಮ್ಮನಿದ್ದೆ.”

“ಒಡೆದದ್ದು ಕೈತಪ್ಪು. ಇದು ಹಾಗಲ್ಲ ಫಾದರ್.”

“ಗೊತ್ತು. ನಾನೀಗ ಏನು ಮಾಡ್ಲಿ?”

“ಅದನ್ನ ನನ್ನ ಕೇಳ್ತೀರಾ?” ದಫೇದಾರ ಎದ್ದ. “ಆರು ಗಂಟೆಗೆ ಕೀಲಿಕೈ ಕೊಡಬೇಕಂತೆ.”

*

ಆರಕ್ಕೆ ಐದು ನಿಮಿಷ ಇತ್ತು. ಸಂಜೆಯ ಪೂಜೆಗೆ ಹೊರಗೆ ಹಚ್ಚಬೇಕಾದ ಬೆಂಕಿಗೆ ಸೌದೆ ಜೋಡಿಸಿತ್ತು. ಚರ್ಚಿನ ಮೆಟ್ಟಿಲ ಮೇಲೆ ಮಂಡಳಿಯವರು, ಹೂ ಕಟ್ಟುವ ಹೆಂಗಸರು ಸೇರಿದ್ದರು. ಭಾವ ಗೊಂಚಲನ್ನು ಕೈಯಲ್ಲಿ ಹಿಡಿದೇ ಬಂದಿದ್ದರು. ಪಕ್ಕದಲ್ಲಿ ಅಕ್ಕ, ಇಸ್ತ್ರಿ ಮಾಡಿದ ಹಾಸುಬಟ್ಟೆಯ ಮಡಿಕೆ ಹೊತ್ತು.

ಫಾದರ್ ಪೀಠಿಕೆ ಹಾಕಲಿಲ್ಲ. “ಪ್ರತಿಮೆ ಒಡೆದವನು ನಾನು. ಹೂಳಿದವನು ನಾನು. ಕಂಬಕ್ಕೆ ಬಟ್ಟೆ ಹೊದಿಸಿದವನೂ ನಾನು. ಬೆಳಿಗ್ಗೆ ಇವರ ಮೇಲೆ ತಪ್ಪು ಬಂದಾಗ ಕೇಳಿಸ್ಕೊಂಡು ಸುಮ್ಮನಿದ್ದವನೂ ನಾನೇ. ನಿಮ್ಮೆಲ್ಲರ ಮುಂದೆ ಇವರ ಕ್ಷಮೆ ಕೇಳ್ತೀನಿ.”

ಔಷಧಿ ಅಂಗಡಿಯವರು ಕೆಮ್ಮಿದರು. ಟೈಲರಮ್ಮ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು. ಅವಳ ಜೀವನದಲ್ಲಿ ಅದೇ ಮೊದಲು ಎಂದು ಆಮೇಲೆ ಜನ ಹೇಳಿದರು.

ಭಾವ ಫಾದರ್ ಮುಖ ನೋಡಿದರು. “ಅದನ್ನ ಎತ್ತೋಕೆ ಇಬ್ರು ಬೇಕು ಫಾದರ್,” ಎಂದರು. “ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಾತು ಅಂದಿದ್ರೆ ನಾನು ಒಂದು ಕಡೆ ಹಿಡೀತಿರಲಿಲ್ವಾ?”

“ನಾನು ಮೊದಲೇ ಅಂದ್ಕೊಂಡೆ...” ಎಂದು ಔಷಧಿ ಅಂಗಡಿಯವರು ಶುರುಮಾಡಿದರು.

“ನೀವೇನೂ ಅಂದ್ಕೊಳ್ಬೇಡಿ ಯಜಮಾನ್ರೇ,” ಎಂದಳು ಅಕ್ಕ. “ಸ್ವಲ್ಪ ದಾರಿ ಬಿಡಿ. ಬಲಿಪೀಠಕ್ಕೆ ಬಟ್ಟೆ ಹಾಸಬೇಕು.”

ಅವರು ದಾರಿ ಬಿಟ್ಟರು. ಭಾವ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಹಿಂದೆ ನಡೆದರು. ಬಾಗಿಲಲ್ಲಿ ನಿಂತು ಭಾವಮೈದುನನ ಕಡೆ ತಿರುಗಿದರು.

“ಊರಿಗೆ ಊರೇ ನನ್ನ ಮೇಲೆ ಅನುಮಾನ ಪಟ್ಟಿತಲ್ಲ. ನಿನಗೆ ಹೇಗೆ ಬರಲಿಲ್ಲ ಮಾರಾಯ?”

“ಅವನಿಗಾ?” ಒಳಗಿನಿಂದ ಅಕ್ಕನೇ ಉತ್ತರ ಕೊಟ್ಟಳು. “ಮಧ್ಯಾಹ್ನ ಎಲ್ಲ ಕೆಲಸ ಬಿಟ್ಟು ಬಂದು ನನ್ನ ಹತ್ರ ಕೂತಿದ್ದ. ನಾನೊಬ್ಬಳೇ ಇದ್ದು ಹೆದರಬಾರದು ಅಂತ.”

ದಫೇದಾರ ಹಾಸುಬಟ್ಟೆಯ ಒಂದು ತುದಿ ಹಿಡಿದು ಅವಳ ಜೊತೆ ಎಳೆದು ಸರಿಮಾಡಿದ. ಅವಳ ಮನೆಯನ್ನು ಶೋಧಿಸಲು ಹೋಗಿದ್ದೆ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.